ಕಾಕಟೀಲ್, ಸನ್ ಕೊನ್ಯೂರ್ ಕೊಳ್ಳುವಾಗ ಯಾವ ಕಾಗದಕ್ಕೆ ಎಷ್ಟು ಬೆಲೆ?

ಕೊಡಗಿನ ಹೋಂಸ್ಟೇ ಅಂಗಳಗಳಲ್ಲಿ, ತೋಟದ ಮನೆಗಳಲ್ಲಿ ಈಗ ಕಾಕಟೀಲ್, ಸನ್ ಕೊನ್ಯೂರ್‌ನಂಥ ವಿದೇಶಿ ಗಿಳಿಗಳ ಪಂಜರ ಅಪರೂಪವಲ್ಲ. ಮಾರುವವರು ಕೊಡುವ ಆರೋಗ್ಯದ ಭರವಸೆ ಮೂರು ಬಗೆ: ಪಶುವೈದ್ಯರ ಫಿಟ್‌ನೆಸ್ ಪತ್ರ, ಲ್ಯಾಬ್ ವರದಿ, ಮತ್ತು ಸಾಕಣೆದಾರರು ತಾವಾಗಿಯೇ ಒಪ್ಪಿ ಹೊರಗಿನ ವೈದ್ಯರಿಂದ ಶೆಡ್ ತಪಾಸಣೆ ಮಾಡಿಸಿಕೊಂಡ ಸ್ವಯಂ ಪ್ರಮಾಣಪತ್ರ. ಮೂರನ್ನೂ ನೆಚ್ಚಿ ಹಕ್ಕಿ ತಂದು ಸಾಕಿ ನೋಡಿದ ಮೇಲೆ ನಮ್ಮ ಒಲವು ಮೂರನೆಯದರ ಕಡೆಗೆ. ಆದರೆ ಅದರಲ್ಲೂ ತೂತುಗಳಿವೆ.

ಮೊದಲು ಒಂದು ಗೊಂದಲ ಬಗೆಹರಿಯಲಿ. ಸನ್ ಕೊನ್ಯೂರ್, ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೇ ಅನುಬಂಧದ ಹಕ್ಕಿ. 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಆಗಲೇಬೇಕು. ಕಾಕಟೀಲ್‌ಗೆ ಅದು ಬೇಡ. ಅಂಗಡಿಗೆ 2018ರ ಪೆಟ್ ಶಾಪ್ ನಿಯಮದಡಿ ನೋಂದಣಿ ಬೇಕು. ಇವು ಕಾನೂನಿನ ಕಾಗದಗಳು, ಹಕ್ಕಿಗೆ ರೋಗವಿಲ್ಲ ಎಂದು ಹೇಳುವಂಥವಲ್ಲ. ಆದರೂ ‘ಸರ್ಟಿಫಿಕೇಟ್ ಇದೆ’ ಎನ್ನುವವರು ಎಷ್ಟೋ ಸಲ ಇವನ್ನೇ ತೋರಿಸುತ್ತಾರೆ.

ಫಿಟ್‌ನೆಸ್ ಪತ್ರ ಅಗ್ಗ, ಅಷ್ಟೇ ದುರ್ಬಲ. ಎದೆಮೂಳೆ ಚೂಪಾಗಿದೆಯೇ, ಮೂಗಿನ ಹೊಳ್ಳೆ ಒದ್ದೆಯೇ, ಗುದದ ಸುತ್ತ ಪುಕ್ಕ ಅಂಟಿದೆಯೇ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಸಿಟಕೋಸಿಸ್ (ಗಿಳಿಗಳಿಂದ ಮನುಷ್ಯರಿಗೂ ಹರಡುವ ಬ್ಯಾಕ್ಟೀರಿಯಾ ರೋಗ) ರೋಗಾಣು ಹೊತ್ತ ಹಕ್ಕಿ ತಿಂಗಳುಗಟ್ಟಲೆ ಚೆನ್ನಾಗಿಯೇ ಕಾಣಬಹುದು. ಪ್ರಯಾಣ, ಚಳಿ, ಹೊಸ ಜಾಗದ ಒತ್ತಡ ಬಿದ್ದಾಗ ಹಿಕ್ಕೆಯಲ್ಲಿ ರೋಗಾಣು ಹೊರಬೀಳತೊಡಗುತ್ತದೆ. ಬೆಂಗಳೂರಿನಿಂದ ಮಡಿಕೇರಿಗೆ ಬಂದು ಇಳಿಯುವ ಹಕ್ಕಿಗೆ ಮೂರೂ ಒಟ್ಟಿಗೇ ಸಿಗುತ್ತವೆ.

ಲ್ಯಾಬ್ ವರದಿ ಇದಕ್ಕಿಂತ ಗಟ್ಟಿ, ಓದಲು ಬಂದರೆ. ‘ಡಿಎನ್‌ಎ ರಿಪೋರ್ಟ್’ ಎಂದು ಕೊಡುವುದು ಬಹಳ ಸಲ ಗಂಡೋ ಹೆಣ್ಣೋ ಎಂಬುದರ ವರದಿ ಮಾತ್ರ. ಬೇಕಾದದ್ದು ಎರಡು ಪಿಸಿಆರ್, ಅಂದರೆ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ: ಒಂದು ಸಿಟಕೋಸಿಸ್‌ಗೆ, ಇನ್ನೊಂದು ಸರ್ಕೋವೈರಸ್‌ನಿಂದ ಬರುವ ಪುಕ್ಕ-ಕೊಕ್ಕಿನ ರೋಗಕ್ಕೆ. ಸಿಟಕೋಸಿಸ್‌ಗೆ ಕಣ್ಣು, ಅಂಗುಳಿನ ಸೀಳು, ಗುದ, ಮೂರೂ ಕಡೆಯ ಸ್ವ್ಯಾಬ್ ಇರಲಿ. ರೋಗಾಣು ದಿನವೂ ಹೊರಬೀಳುವುದಿಲ್ಲವಾದ್ದರಿಂದ ಒಂದೇ ದಿನದ ನೆಗೆಟಿವ್ ನಂಬುವಂಥದ್ದಲ್ಲ. 3ರಿಂದ 5 ದಿನ ಸತತವಾಗಿ ತೆಗೆದು ಒಟ್ಟಿಗೆ ಪರೀಕ್ಷಿಸಬೇಕು. ಮಾದರಿಗೆ ಮೊದಲು ಡಾಕ್ಸಿಸೈಕ್ಲಿನ್ (ಈ ರೋಗಕ್ಕೆ ಕೊಡುವ ಆ್ಯಂಟಿಬಯೋಟಿಕ್) ಕೊಟ್ಟಿದ್ದರೆ ನೆಗೆಟಿವ್‌ಗೆ ಅರ್ಥವೇ ಇಲ್ಲ, ಇದನ್ನು ಬಾಯಿಬಿಟ್ಟು ಕೇಳಿ. ಸರ್ಕೋವೈರಸ್‌ಗೆ ರಕ್ತ ಅಥವಾ ಆಗಷ್ಟೇ ಕಿತ್ತ ಪುಕ್ಕ. ಪಂಜರದ ತಳದಿಂದ ಹೆಕ್ಕಿದ ಪುಕ್ಕಕ್ಕೆ ಪಕ್ಕದ ಹಕ್ಕಿಯ ಧೂಳು ಮೆತ್ತಿರುತ್ತದೆ. ಲಕ್ಷಣವಿಲ್ಲದೆ ಪಾಸಿಟಿವ್ ಬಂದರೆ ಬೇರೆ ಇಟ್ಟು 90 ದಿನದ ನಂತರ ಮರುಪರೀಕ್ಷೆ. ಇಲ್ಲಿಂದ ನೀವೇ ಮಾದರಿ ಕಳಿಸುವುದಾದರೆ ಸೋಮವಾರ ಕಳಿಸಿ, ಶುಕ್ರವಾರದ್ದು ಕೊರಿಯರ್ ಗೋದಾಮಿನಲ್ಲಿ ಕೂರುತ್ತದೆ.

ವರದಿ ಹೇಳುವುದು ಆ ಹಕ್ಕಿಯ ಆ ದಿನದ ಸ್ಥಿತಿ. ಸ್ವಯಂ ಪ್ರಮಾಣೀಕರಣ ಹೇಳುವುದು ಹಕ್ಕಿ ಬೆಳೆದ ಜಾಗದ ಅಭ್ಯಾಸ. ರೋಗ ಹಬ್ಬುವುದು ಜಾಗದಿಂದಲೇ ಆದ್ದರಿಂದ ನಮ್ಮ ಒಲವು ಆ ಕಡೆ. ಆದರೆ ಕಡ್ಡಾಯವಲ್ಲದ ಪದ್ಧತಿ ನಿಂತಿರುವುದು ದಾಖಲೆಯ ಮೇಲೆ, ಹಾಗಾಗಿ ಗೋಡೆಯ ಮೇಲೆ ಫ್ರೇಮ್ ಹಾಕಿದ ಪ್ರಮಾಣಪತ್ರ ಬಿಟ್ಟು ದಾಖಲೆ ಪುಸ್ತಕ ಕೇಳಿ. ಮರಿಯಿದ್ದಾಗಲೇ ಕಾಲಿಗೆ ಹಾಕಿದ ಮುಚ್ಚಿದ ಉಂಗುರದ ಸಂಖ್ಯೆ ಪತ್ರದಲ್ಲಿರಬೇಕು. ಬಾಯಿ ತೆರೆದ ಸೀಳು ಉಂಗುರವನ್ನು ಯಾವ ಹಕ್ಕಿಗಾದರೂ ತೊಡಿಸಬಹುದು. ಹೊರಗಿನಿಂದ ಬಂದ ಹಕ್ಕಿಗೆ ಕನಿಷ್ಠ 30 ದಿನ ಬೇರೆ ಕೋಣೆ ಇದೆಯೇ ನೋಡಿ. ಸಾವಿನ ದಾಖಲೆಯಲ್ಲಿ ವರ್ಷವಿಡೀ ಸೊನ್ನೆಯಿದ್ದರೆ ಸಂತೋಷಪಡಬೇಡಿ: ಮರಿ ಮಾಡಿಸುವ ಶೆಡ್‌ನಲ್ಲಿ ಸಾವಿಲ್ಲ ಎಂದರೆ ಯಾರೂ ಬರೆಯುತ್ತಿಲ್ಲ ಎಂದರ್ಥ. ಪದ್ಧತಿ ಕೆಡುವುದು ಬೇಡಿಕೆ ಏರಿದಾಗ. ಆರ್ಡರ್ ತುಂಬಲು ಬೇರೆಯವರ ಹಕ್ಕಿ ತಂದು ಅದೇ ಶೆಡ್‌ಗೆ ಬಿಟ್ಟರೆ ಪ್ರಮಾಣಪತ್ರ ಅಂದೇ ಸತ್ತಂತೆ. ಮೊದಲೇ ತಿಳಿಸಿ ಬರುವ ತಪಾಸಣೆ ಇದನ್ನು ಹಿಡಿಯುವುದಿಲ್ಲ, ಖರೀದಿ ಪುಸ್ತಕ ಹಿಡಿಯುತ್ತದೆ.

ಯಾವ ಕಾಗದವಿದ್ದರೂ ಮನೆಯಲ್ಲಿ 30 ದಿನ ಬೇರೆ ಇಡುವುದು ತಪ್ಪದು. ಅದೇ ಕೋಣೆಯ ಮೂಲೆ ಸಾಲದು, ಗಾಳಿಯೇ ಬೇರೆಯಾಗಬೇಕು. ಹಳೆಯ ಹಕ್ಕಿಗಳ ಕೆಲಸ ಮುಗಿಸಿ ಕೊನೆಗೆ ಹೊಸದರ ಬಳಿ ಹೋಗಿ. ಹಿಕ್ಕೆಯನ್ನು ಒಣಗುಡಿಸಬೇಡಿ, ಒದ್ದೆ ಮಾಡಿ, ಎನ್95 ಮಾಸ್ಕ್ ಹಾಕಿ ತೆಗೆಯಿರಿ. ತಟ್ಟೆ-ಟ್ರೇಗಳನ್ನು ಸೋಪಿನಲ್ಲಿ ತೊಳೆದ ಮೇಲೆಯೇ ಬ್ಲೀಚ್: 5% ದ್ರಾವಣ ಲೀಟರ್ ನೀರಿಗೆ 30 ಮಿಲಿ, 10 ನಿಮಿಷ. ಕೊಳೆಯಿದ್ದರೆ ಬ್ಲೀಚ್ ಕೆಲಸ ಮಾಡದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಕ್ಕಿ ತರದಿರುವುದೇ ಲೇಸು. ಕಿಟಕಿ ಮುಚ್ಚಿರುತ್ತದೆ, ಸೂರ್ಯಕಾಂತಿ ಬೀಜಕ್ಕೆ ಬೂಷ್ಟು ಹಿಡಿದು ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಶ್ವಾಸಕೋಶ ಸೇರುತ್ತದೆ, ಆಗ ಯಾವುದು ಯಾವ ರೋಗವೆಂದು ಬಿಡಿಸುವುದು ಕಷ್ಟ.

ಸಿಟಕೋಸಿಸ್ ಖಚಿತವಾದರೆ ಪಶುವೈದ್ಯರು ಹೇಳಿದಂತೆ ಡಾಕ್ಸಿಸೈಕ್ಲಿನ್, ಸಾಮಾನ್ಯವಾಗಿ 45 ದಿನ. ಅಷ್ಟೂ ದಿನ ಪಂಜರದಿಂದ ಕಟಲ್‌ಬೋನ್ (ಹಕ್ಕಿ ಕುಕ್ಕಲು ಇಡುವ ಸುಣ್ಣದ ಚಿಪ್ಪು) ತೆಗೆಯಿರಿ, ಅದರ ಕ್ಯಾಲ್ಸಿಯಂ ಈ ಔಷಧಿಯನ್ನು ಮೈಗೆ ಹತ್ತಲು ಬಿಡುವುದಿಲ್ಲ. ಮನೆಯವರಿಗೋ ಅತಿಥಿಗಳಿಗೋ ಜ್ವರ, ತಲೆನೋವು, ಒಣಕೆಮ್ಮು ಬಂದರೆ ಹಕ್ಕಿಯ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ. ಅಮಾಕ್ಸಿಸಿಲಿನ್ ಈ ರೋಗಕ್ಕೆ ನಾಟುವುದಿಲ್ಲ.