ಬ್ಯಾಕ್‌ಪ್ಲೇಟ್, ವಿಂಗ್ ಕೊಳ್ಳುವ ಮುಂಚೆ ತೂಕದ ಲೆಕ್ಕ ಕೇಳಿ: ಕೊಡಗಿನ ಡೈವರ್‌ಗಳಿಗೆ ಒಂದು ಎಚ್ಚರಿಕೆ

ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪದಿಂದ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋಗಿ ಬರುವ ಗೆಳೆಯರಲ್ಲಿ ಕೆಲವರು ಈಗ ಗಾಳಿ ತುಂಬುವ ಬಾಡಿಗೆ ಜಾಕೆಟ್ ಸಾಕಾಗಿ ಸ್ವಂತ ಬ್ಯಾಕ್‌ಪ್ಲೇಟ್, ವಿಂಗ್ ತಗೊಳ್ಳಬೇಕು ಅಂತಿದ್ದಾರೆ. ತಗೊಳ್ಳಿ, ಒಳ್ಳೆಯ ಸಾಮಾನು. ಬೆನ್ನಿಗೆ ಒಂದು ಲೋಹದ ಪ್ಲೇಟು, ಮೈಗೆ ಒಂದೇ ಒಂದು ಉದ್ದನೆಯ ಪಟ್ಟಿ, ಪ್ಲೇಟಿಗೂ ಸಿಲಿಂಡರಿಗೂ ನಡುವೆ ಗಾಳಿ ತುಂಬುವ ವಿಂಗ್. ಸರಿಯಾದದ್ದು ಸಿಕ್ಕರೆ ನೀರಲ್ಲಿ ಮೈ ತಾನಾಗಿಯೇ ಅಡ್ಡಕ್ಕೆ ನಿಲ್ಲುತ್ತದೆ. ಆದರೆ ನಿಮ್ಮ ಸೂಟ್ ಯಾವುದು, ಸಿಲಿಂಡರ್ ಯಾವುದು ಅಂತ ಕೇಳದೆ ಪ್ಲೇಟ್ ಕೈಗಿಡುವ ವ್ಯಾಪಾರಿಯಿಂದ ಮಾತ್ರ ತಗೊಳ್ಳಬೇಡಿ. ನನಗೆ ಆಗಿದ್ದು ನಿಮಗೆ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನನಗೆ ಸೆಟ್ ಮಾರಿದವರು ದೊಡ್ಡ ಊರಿನ ಒಬ್ಬ ವ್ಯಾಪಾರಿ. ನನ್ನ ತೂಕ 72 ಕೆಜಿ, 3 ಎಂಎಂ ಸೂಟ್, 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್, ಡೈವ್ ಮಾಡೋದು ನೇತ್ರಾಣಿಯಲ್ಲಿ. ಇಷ್ಟನ್ನೂ ಫೋನಲ್ಲೇ ಹೇಳಿದ್ದೆ. ಅವರು ಕಳಿಸಿದ್ದು 6 ಎಂಎಂ ದಪ್ಪದ ಸ್ಟೀಲ್ ಪ್ಲೇಟು, ಜೊತೆಗೆ ಜೋಡಿ ಸಿಲಿಂಡರಿಗೆ ಮಾಡಿದ 27 ಕೆಜಿ ಎತ್ತುವ ವಿಂಗ್. "ಸರ್, ದೊಡ್ಡದು ಇದ್ದರೆ ಸೇಫ್. ಮುಂದೆ ಟೆಕ್ನಿಕಲ್ ಡೈವಿಂಗಿಗೂ ಆಗುತ್ತೆ" ಅಂದರು. ಮುಳುಗೋಕೆ ಸೊಂಟದ ಬೆಲ್ಟಿಗೆ ಸೀಸ ಎಷ್ಟು ಹಾಕಲಿ ಅಂದಿದ್ದಕ್ಕೆ, "ಮೈತೂಕದ ಹತ್ತರಲ್ಲಿ ಒಂದು ಭಾಗ, ಏಳು ಕೆಜಿ ಹಾಕಿ, ಯಾವಾಗಲೂ ಅಷ್ಟೇ" ಅಂತ ಉತ್ತರ. ಆ ಪ್ಲೇಟೇ ಸುಮಾರು 5 ಕೆಜಿ ಇತ್ತು. ಅದನ್ನು ಆ ಏಳರಲ್ಲಿ ಕಳೆಯಬೇಕು ಅಂತ ಅವರು ಹೇಳಲೇ ಇಲ್ಲ.

ನೇತ್ರಾಣಿಯಲ್ಲಿ ನೀರಿಗೆ ಇಳಿದ ಕೂಡಲೇ ಗೊತ್ತಾಯಿತು, ಇದು ಮುಳುಗೋದಲ್ಲ, ಬೀಳೋದು. ಕಿವಿ ಸರಿಮಾಡಿಕೊಳ್ಳೋಕೂ ಪುರುಸೊತ್ತಿಲ್ಲ. ಬೀಳೋದು ನಿಲ್ಲಬೇಕಾದರೆ ವಿಂಗಿಗೆ ಗಾಳಿ ತುಂಬುವ ಇನ್‌ಫ್ಲೇಟರ್ ಬಟನ್ ಒತ್ತುತ್ತಲೇ ಇರಬೇಕು. ಕೆಳಗೆ 15 ಮೀಟರಿನಲ್ಲಿ ಹೇಗೋ ನಿಂತೆ. ಆದರೆ ಕಾಲು ಕೆಳಗೆ, ಎದೆ ಮೇಲೆ, ಈಜಿದರೆ ಮುಂದಕ್ಕೇ ಹೋಗಲ್ಲ. ಗಾಳಿ ಬೇಗ ಬೇಗ ಖಾಲಿ. ಪಕ್ಕದಲ್ಲಿದ್ದ ಡೈವ್ ಲೀಡರ್ ನನ್ನ ಬೆನ್ನ ಕಡೆ ನೋಡಿ ಎರಡು ಅಂಗೈ ಮಡಚಿ ತೋರಿಸಿದರು. ಒಂದು ಸಣ್ಣ ಸಿಲಿಂಡರಿನ ಸುತ್ತ ಆ ದೊಡ್ಡ ವಿಂಗ್ ಎರಡೂ ಕಡೆಯಿಂದ ಎಲೆಯ ಹಾಗೆ ಸುರುಳಿ ಸುತ್ತಿಕೊಂಡಿತ್ತು.

ಮೇಲೆ ಬರುವಾಗ ಅಪಾಯ ಶುರುವಾಯಿತು. ವಿಂಗಿನ ಹೋಸ್ ಎತ್ತಿ ಗಾಳಿ ಹೊರಗೆ ಬಿಟ್ಟೆ. ಒಂದಿಷ್ಟು ಗುಳ್ಳೆ ಬಂತು, ನಿಂತಿತು. ಉಳಿದ ಗಾಳಿ ಸಿಲಿಂಡರಿನ ಹಿಂದೆ ಮಡಿಕೆಯಲ್ಲಿ ಸಿಕ್ಕಿಹಾಕಿಕೊಂಡಿತ್ತು, ಹೋಸಿನ ಬಾಯಿಗೆ ಬರುತ್ತಲೇ ಇರಲಿಲ್ಲ. ಗಾಳಿ ಬಿಡುವ ಬಟನ್ ಒತ್ತಿ ಹಿಡಿದಿದ್ದೇನೆ, ಡೆಪ್ತ್ ಗೇಜಿನ ಮುಳ್ಳು ಮಾತ್ರ ಸೊನ್ನೆಯ ಕಡೆಗೆ ಓಡುತ್ತಲೇ ಇದೆ. 6 ಮೀಟರ್ ದಾಟುವ ಹೊತ್ತಿಗೆ ಕೈಮೀರಿತು. ಲೀಡರ್ ನನ್ನ ಪಟ್ಟಿ ಹಿಡಿದು, ಇನ್ನೊಂದು ಕೈಯಲ್ಲಿ ವಿಂಗಿನ ಹಿಂದೆ ಗಾಳಿ ಹೊರಬಿಡುವ ಡಂಪ್ ವಾಲ್ವಿನ ದಾರ ಎಳೆದರು. ಆದರೂ ಇಬ್ಬರೂ ಮೇಲಕ್ಕೆ ಚಿಮ್ಮಿದೆವು. ಮೇಲೆ ಬರುವ ಮುಂಚೆ ಸ್ವಲ್ಪ ಹೊತ್ತು ತಡೆದು ನಿಲ್ಲುವ ಸೇಫ್ಟಿ ಸ್ಟಾಪ್ ಇಲ್ಲ, ಏನೂ ಇಲ್ಲ. ಉಸಿರು ಬಿಡುತ್ತಲೇ ಬಂದಿದ್ದರಿಂದ ಶ್ವಾಸಕೋಶಕ್ಕೆ ಏನೂ ಆಗಲಿಲ್ಲ. ಆ ದಿನ ಮತ್ತೆ ನೀರಿಗೆ ಇಳಿಸದೆ ಬೋಟಲ್ಲೇ ಕೂರಿಸಿದರು, ಸರಿಯಾಗೇ ಮಾಡಿದರು.

ಊರಿಗೆ ಬಂದು ವ್ಯಾಪಾರಿಗೆ ಫೋನ್ ಮಾಡಿದರೆ, "ಸಮುದ್ರ ಅಂದ್ರೆ ಹಾಗೇ ಸರ್, ಅಭ್ಯಾಸ ಆಗುತ್ತೆ" ಅಂದರು. ನೀರಿಗೆ ಇಳಿಸಿದ ಸಾಮಾನು ವಾಪಸ್ ಇಲ್ಲವಂತೆ. ಜೀವದ ವಿಷಯದಲ್ಲಿ ಹೀಗೆ ಮಾತಾಡುವುದನ್ನು ನಾನು ಕ್ಷಮಿಸಲಾರೆ.

ಈಗ ಲೆಕ್ಕ ನೋಡಿ. ತೆಳುವಾದ 3 ಎಂಎಂ ಸೂಟ್ ಸುಮಾರು 2 ಕೆಜಿಯಷ್ಟು ಮೇಲಕ್ಕೆ ಎಳೆಯುತ್ತದೆ. ಆ ಅಲ್ಯೂಮಿನಿಯಂ ಸಿಲಿಂಡರ್ ತುಂಬಿದ್ದಾಗ ಸ್ವಲ್ಪ ಮುಳುಗುತ್ತದೆ, ಖಾಲಿ ಆಗುತ್ತಾ ಬಂದಾಗ ಹೆಚ್ಚುಕಡಿಮೆ 2 ಕೆಜಿಯಷ್ಟು ತೇಲುತ್ತದೆ. ಒಳಗಿನ ಗಾಳಿಗೂ ತೂಕ ಇದೆ, ತುಂಬಿದ ಸಿಲಿಂಡರಿನಲ್ಲಿ ಅದು ಸುಮಾರು ಎರಡೂವರೆ ಕೆಜಿ. ಉಸಿರಾಡಲು ಬಾಯಿಗೆ ಗಾಳಿ ಕೊಡುವ ರೆಗ್ಯುಲೇಟರ್ ಒಂದು ಕೆಜಿಯಷ್ಟು ಕೆಳಕ್ಕೆ ಎಳೆಯುತ್ತದೆ. ಎಲ್ಲಾ ಕೂಡಿ ಕಳೆದರೆ ನನ್ನಂಥ ಮೈಗೆ ಕಡಲಲ್ಲಿ ಬೇಕಾದ ಒಟ್ಟು ಭಾರ ಮೂರು, ಮೂರೂವರೆ ಕೆಜಿ. ಮಾಮೂಲಿ 3 ಎಂಎಂ ಸ್ಟೀಲ್ ಪ್ಲೇಟೇ ಎರಡು, ಎರಡೂವರೆ ಕೆಜಿ ಕೊಡುತ್ತದೆ. ಮೇಲೆ ಒಂದು ಕೆಜಿ ಸೀಸ ಹಾಕಿದರೆ ಆಯಿತು. ನನ್ನ ಬೆನ್ನು ಸೊಂಟದಲ್ಲಿ ಇದ್ದದ್ದು ಹನ್ನೆರಡು ಕೆಜಿ.

ಹೆಚ್ಚಾದ ಪ್ರತಿ ಕೆಜಿಗೂ ವಿಂಗಿನಲ್ಲಿ ಹತ್ತಿರ ಹತ್ತಿರ ಒಂದು ಲೀಟರ್ ಗಾಳಿ ಜಾಸ್ತಿ ತುಂಬಬೇಕು. 15 ಮೀಟರಿನಲ್ಲಿ ಒತ್ತಡ ಎರಡೂವರೆ ಬಾರ್, 5 ಮೀಟರಿನಲ್ಲಿ ಒಂದೂವರೆ. ಒತ್ತಡ ಇಳಿದಷ್ಟೂ ಗಾಳಿ ಹಿಗ್ಗುತ್ತದೆ. ಕೆಳಗೆ 3 ಲೀಟರ್ ಇದ್ದದ್ದು ಮೇಲೆ 5 ಲೀಟರ್ ಆಗುತ್ತದೆ, ಅದನ್ನು ನಿಧಾನಕ್ಕೆ ಬಿಡಬಹುದು. 10 ಲೀಟರ್ ಇದ್ದದ್ದು ಹದಿನಾರು ದಾಟುತ್ತದೆ. ಭಾರ ಜಾಸ್ತಿ ಆದವರು ಮುಳುಗಿ ಸಾಯುತ್ತಾರೆ ಅಂತ ಮಾತ್ರ ಜನ ಹೆದರುತ್ತಾರೆ. ಅದೇ ಭಾರ ಮೇಲಕ್ಕೂ ಎಸೆಯುತ್ತದೆ ಅನ್ನೋದು ಹೊಳೆಯೋದಿಲ್ಲ.

6 ಎಂಎಂ ಪ್ಲೇಟ್ ಕೆಟ್ಟದ್ದು ಅಂತಲ್ಲ. ಚಳಿ ಸಮುದ್ರದಲ್ಲಿ ದಪ್ಪ ಬಟ್ಟೆಯ ಮೇಲೆ ನೀರು ಒಳಗೆ ಬಿಡದ ಡ್ರೈಸೂಟ್ ಹಾಕುವವರಿಗೆ ಹೆಚ್ಚು ಭಾರ ಬೇಕು, ಅವರಿಗೆ ಅದು ಅನುಕೂಲ. ನಮ್ಮ ಕರಾವಳಿಯ ಬೆಚ್ಚನೆ ನೀರಿಗೆ ಏಕೆ? ಸಣ್ಣ ಮೈಯವರಿಗೆ, ಬರೀ ತೆಳು ಈಜು ಅಂಗಿ ಅಂದರೆ ರ‍್ಯಾಶ್‌ಗಾರ್ಡ್ ಹಾಕುವವರಿಗೆ ಒಂದು ಕೆಜಿ ಆಸುಪಾಸಿನ ಅಲ್ಯೂಮಿನಿಯಂ ಪ್ಲೇಟೇ ಸಾಕಾಗಬಹುದು. ಇನ್ನೊಂದು ಮಾತು: ಬೆಲ್ಟಿನ ಸೀಸ ತುರ್ತಿನಲ್ಲಿ ಬಿಚ್ಚಿ ಎಸೆಯಬಹುದು, ಬೆನ್ನಿನ ಪ್ಲೇಟ್ ಎಸೆಯೋಕೆ ಆಗಲ್ಲ. ವಿಂಗ್ ಹರಿದರೂ ಕಾಲು ಬಡಿದು ಮೇಲೆ ಬರುವಷ್ಟೇ ಭಾರ ಮೈಮೇಲಿರಬೇಕು.

ವಿಂಗ್ ವಿಷಯಕ್ಕೆ ಬಂದರೆ, ಒಂದೇ ಸಿಲಿಂಡರಿಗೆ, ಬೆಚ್ಚನೆ ನೀರಿಗೆ 12ರಿಂದ 15 ಕೆಜಿ ಎತ್ತುವ, ಅಗಲ ಕಡಿಮೆ ಇರುವ ವಿಂಗ್ ಸಾಕು. ಕೊಳ್ಳುವ ಮುಂಚೆ ನಿಮ್ಮ ಸಿಲಿಂಡರಿಗೇ ಕಟ್ಟಿಸಿ, ಪೂರ್ತಿ ಊದಿಸಿ ನೋಡಿ. ಅಂಚು ಸಿಲಿಂಡರಿನ ಹಿಂದಕ್ಕೆ ಮಡಚಿಕೊಂಡರೆ ಬೇಡ ಅಂತ ವಾಪಸ್ ಕೊಡಿ. ತುಂಬಿದ ಸಿಲಿಂಡರ್ ಸಮೇತ ಸೆಟ್ಟನ್ನು ನೀರಿಗೆ ಬಿಟ್ಟಾಗ ಆ ವಿಂಗ್ ಅದನ್ನು ತೇಲಿಸಬೇಕು. ಕಾಲುಗಳ ನಡುವಿನ ಪಟ್ಟಿ ಬೇಡ ಅಂತ ಬಿಡಬೇಡಿ, ಅದಿಲ್ಲದಿದ್ದರೆ ಪ್ಲೇಟ್ ಕುತ್ತಿಗೆ ಕಡೆ ಜಾರುತ್ತದೆ.

ಭಾರ ನೋಡುವ ಕ್ರಮ ಸುಲಭ, ಆದರೆ ಡೈವ್ ಶುರುವಿನಲ್ಲಿ ಅಲ್ಲ, ಕೊನೆಯಲ್ಲಿ ನೋಡಬೇಕು. ಸಿಲಿಂಡರಿನಲ್ಲಿ 50 ಬಾರ್ ಗಾಳಿ ಉಳಿದಿರುವಾಗ ನೀರಿನ ಮೇಲ್ಮಟ್ಟದಲ್ಲಿ ವಿಂಗ್ ಪೂರ್ತಿ ಖಾಲಿ ಮಾಡಿ, ಮಾಮೂಲಿ ಉಸಿರು ಹಿಡಿದು ಅಲುಗದೆ ನಿಲ್ಲಿ. ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಉಸಿರು ಬಿಟ್ಟರೆ ನಿಧಾನಕ್ಕೆ ಮುಳುಗಬೇಕು. ಧಡಕ್ ಅಂತ ಇಳಿದರೆ ಒಂದು ಕೆಜಿ ತೆಗೆಯಿರಿ, ಮತ್ತೆ ನೋಡಿ. ಲೀಡರ್ ಪಕ್ಕದಲ್ಲಿ ಇದ್ದೇ ಮಾಡಿ.

ನಮ್ಮ ಕಡೆ ಹೋಂಸ್ಟೇ ಈಜುಕೊಳದಲ್ಲಿ ತೂಕ ಸರಿಮಾಡಿಕೊಂಡು ಸೀದಾ ಕಡಲಿಗೆ ಹೋಗುವವರೂ ಇದ್ದಾರೆ. ಸಿಹಿನೀರಿಗಿಂತ ಉಪ್ಪುನೀರು ಶೇಕಡ ಎರಡೂವರೆಯಷ್ಟು ಭಾರ. ನೀವು, ಸಾಮಾನು ಎಲ್ಲಾ ಸೇರಿ ನೂರು ಕೆಜಿ ಇದ್ದರೆ ಕಡಲಲ್ಲಿ ಎರಡೂವರೆ ಕೆಜಿ ಜಾಸ್ತಿ ಬೇಕು. ತುಂಬಿದ ಸಿಲಿಂಡರಿನಲ್ಲಿ ನೋಡಿದ್ದರೆ ಇನ್ನೂ ಎರಡು ಕೆಜಿ ಸೇರಿಸಿ. ಇಲ್ಲದಿದ್ದರೆ ಸೇಫ್ಟಿ ಸ್ಟಾಪಿನಲ್ಲಿ ನಿಲ್ಲೋಕೆ ಆಗದೆ ತೇಲಿಬಿಡುತ್ತೀರಿ. ಎಸ್ಟೇಟಿನ ಕೆರೆಯಲ್ಲಂತೂ ಸಿಲಿಂಡರ್ ಕಟ್ಟಿ ನೋಡಬೇಡಿ. ತಳದ ಕೆಸರು ಎದ್ದರೆ ಪಕ್ಕದವರು ಕಾಣಲ್ಲ, ಪಂಪಿನ ಪೈಪು, ಬಳ್ಳಿ ಏನಾದರೂ ಸುತ್ತಿಕೊಳ್ಳಬಹುದು.

ಡೈವ್ ಮುಗಿಸಿ ಅದೇ ಸಂಜೆ ಸಂಪಾಜೆ ಘಾಟಿ ಹತ್ತುವ ಅಭ್ಯಾಸವೂ ನಮ್ಮವರಿಗೆ ಇದೆ. ಮಡಿಕೇರಿ ಇರೋದು 1,150 ಮೀಟರ್ ಎತ್ತರದಲ್ಲಿ. ಮೈಯಲ್ಲಿ ಕರಗಿದ ನೈಟ್ರೋಜನ್‌ಗೆ ಇದು ವಿಮಾನ ಹತ್ತಿದ ಹಾಗೇ, ಎತ್ತರದಲ್ಲಿ ಒತ್ತಡ ಕಡಿಮೆಯಾಗಿ ಅದು ಗುಳ್ಳೆಯಾಗಬಹುದು. ಒಂದು ಡೈವ್ ಆದರೆ 12 ಗಂಟೆ, ಒಂದಕ್ಕಿಂತ ಜಾಸ್ತಿ ಆದರೆ 18 ಗಂಟೆ ಕರಾವಳಿಯಲ್ಲೇ ಇರಿ. ನನ್ನ ಹಾಗೆ ಚಿಮ್ಮಿ ಬಂದಿದ್ದರೆ ವೈದ್ಯರಿಗೆ ತೋರಿಸದೆ ಘಾಟಿ ಹತ್ತಬೇಡಿ.

ಈಗಾಗಲೇ ಇಂಥ ಸೆಟ್ ಕೊಂಡವರು ಪಟ್ಟಿ, ಬಕಲ್, ಡಿ-ರಿಂಗ್ ಉಳಿಸಿಕೊಂಡು ಪ್ಲೇಟ್ ಮತ್ತು ವಿಂಗ್ ಮಾತ್ರ ಬದಲಿಸಬಹುದು. ಮಳೆಗಾಲದಲ್ಲಿ ಮನೆಯಲ್ಲಿಟ್ಟ ವಿಂಗಿಗೆ ನಮ್ಮಲ್ಲಿ ಬೂಷ್ಟು ಹಿಡಿಯುತ್ತದೆ. ಸೀಸನ್ ಶುರುವಾಗುವ ಮುಂಚೆ ಒಳಗೂ ಸಿಹಿನೀರು ಹಾಕಿ ತೊಳೆಯಿರಿ, ಗಟ್ಟಿಯಾಗಿ ಊದಿಸಿ ಒಂದು ರಾತ್ರಿ ಇಡಿ. ಬೆಳಗ್ಗೆ ಮೆತ್ತಗಾಗಿದ್ದರೆ ನೇತ್ರಾಣಿಗೆ ತಗೊಂಡು ಹೋಗಬೇಡಿ.