ಝಿಂಗ್ಯಾಲೊವ್ ಹಾತ್ಸ್: ಸಾಜ್, ಕವುಚಿದ ಬಾಣಲೆ, ಕಾವಲಿ, ನಾನ್‌ಸ್ಟಿಕ್ – ಯಾವುದರ ಮೇಲೆ ಸರಿಯಾಗಿ ಬೇಯುತ್ತದೆ?

ಆರ್ಮೇನಿಯಾದ ರಾಜಧಾನಿ ಯೆರೆವಾನ್‌ನ ಗುಮ್ ಮಾರುಕಟ್ಟೆಯಲ್ಲಿ ಝಿಂಗ್ಯಾಲೊವ್ ಹಾತ್ಸ್ ಎಂಬ ಸೊಪ್ಪು ತುಂಬಿದ ರೊಟ್ಟಿ ಮಾಡುವ ಹೆಂಗಸರ ಕೈ ನೋಡುತ್ತ ಐದು ನಿಮಿಷ ನಿಂತರೆ ಅರ್ಧ ಪಾಠ ಆದಂತೆ. ಹಿಟ್ಟು ಉದುರಿಸಿದ ಹಲಗೆ, ಪಕ್ಕದಲ್ಲಿ ಹೆಚ್ಚಿದ ಸೊಪ್ಪಿನ ರಾಶಿ, ಆಚೆ ಸಾಜ್ ಎಂಬ ಉಬ್ಬುಬೆನ್ನಿನ ಕಬ್ಬಿಣದ ಕಾವಲಿ. ತೆಳ್ಳಗೆ ಲಟ್ಟಿಸಿದ ಕಣಕದ ಮೇಲೆ ಎರಡು ದೊಡ್ಡ ಹಿಡಿ ಸೊಪ್ಪು ಬೀಳುತ್ತದೆ. ಎದುರುಬದುರು ಅಂಚುಗಳನ್ನು ಮೇಲೆತ್ತಿ ಹೆಬ್ಬೆರಳು, ತೋರುಬೆರಳಿನಲ್ಲಿ ಚಿವುಟುತ್ತ ಹೋದಂತೆ ನಡುವೆ ಉದ್ದಕ್ಕೆ ಒಂದು ಹೊಲಿಗೆ ಮೂಡುತ್ತದೆ. ಎರಡೂ ತುದಿ ಚೂಪು, ನಡು ಅಗಲ. ಅಂಗೈಯಲ್ಲಿ ತಟ್ಟಿ ಚಪ್ಪಟೆ ಮಾಡಿ, ಹೊಲಿಗೆ ಕೆಳಗಾಗುವಂತೆ ಸಾಜ್ ಮೇಲೆ ಹಾಕುತ್ತಾರೆ. ಕೆಳಗೆ ಒಂದು ಹನಿ ಎಣ್ಣೆಯೂ ಇಲ್ಲ.

ಇದು ಮೂಲದಲ್ಲಿ ಆರ್ತ್ಸಾಖ್, ಅಂದರೆ ನಾಗೊರ್ನೊ-ಕರಬಾಖ್‌ನ ತಿಂಡಿ; ಪಕ್ಕದಲ್ಲಿರುವ ಆರ್ಮೇನಿಯಾದ ಸ್ಯೂನಿಕ್ ಸೀಮೆಯಲ್ಲೂ ಉಂಟು. ಹಾತ್ಸ್ ಎಂದರೆ ರೊಟ್ಟಿ, ಝಿಂಗ್ಯಾಲ್ ಎಂದರೆ ಆ ಕಡೆಯ ಮಾತಿನಲ್ಲಿ ಸೊಪ್ಪುಸದೆ. 2023ರ ಸೆಪ್ಟೆಂಬರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆರ್ಮೇನಿಯನ್ನರು ಕರಬಾಖ್ ಬಿಟ್ಟು ಬರಬೇಕಾಯಿತು. ಮನೆ, ಹೊಲ, ಸೊಪ್ಪು ಕೊಯ್ಯುತ್ತಿದ್ದ ಗುಡ್ಡ ಎಲ್ಲ ಅಲ್ಲೇ ಉಳಿಯಿತು. ಅವರ ಜೊತೆ ಬಂದದ್ದರಲ್ಲಿ ಈ ಕೈಚಳಕವೂ ಒಂದು. ಅದಕ್ಕೇ ಇದನ್ನು ಹೇಗೋ ಒಂದು ಸೊಪ್ಪಿನ ಪರೋಟ ಎಂದು ಮಾಡಿ ಮುಗಿಸಲು ಮನಸ್ಸು ಬರುವುದಿಲ್ಲ.

ಹೋಲಿಕೆಗೆ ಒಂದೇ ಕಣಕ, ಒಂದೇ ಹೂರಣ ಇಟ್ಟುಕೊಂಡು ಬೇಯಿಸುವ ಮೈಯನ್ನು ಮಾತ್ರ ಬದಲಿಸಿದೆವು. ಮೈದಾ 500 ಗ್ರಾಂ, ಬೆಚ್ಚಗಿನ ನೀರು ಸುಮಾರು 280 ಮಿಲಿ, ಉಪ್ಪು ಒಂದು ಟೀ ಚಮಚ. ಹುಳಿ ಬರಿಸುವುದಿಲ್ಲ. ಹತ್ತು ನಿಮಿಷ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟು, ಎಂಟು ಉಂಡೆ. ಒಂದೊಂದನ್ನೂ 22 ಸೆಂಟಿಮೀಟರ್ ಅಗಲಕ್ಕೆ, ಎರಡು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಬೇಕು. ಪೂರ್ತಿ ಗೋಧಿಹಿಟ್ಟಿನಲ್ಲಿ ಇಷ್ಟು ತೆಳ್ಳಗಾಗುವಾಗ ತವುಡಿನ ಚೂರಿದ್ದ ಕಡೆ ಹರಿಯುತ್ತದೆ. ಅರ್ಧಕ್ಕರ್ಧ ಬೆರೆಸಿದರೆ ಪರವಾಗಿಲ್ಲ, ನೀರು ತುಸು ಹೆಚ್ಚು ಹಿಡಿಯುತ್ತದೆ.

ಸೊಪ್ಪಿನ ವಿಷಯದಲ್ಲಿ ಆತುರ ಪಟ್ಟರೆ ಯಾವ ಸಾಜ್ ಇದ್ದರೂ ಕೆಟ್ಟಂತೆಯೇ. ಅಲ್ಲಿ ಹತ್ತರಿಂದ ಇಪ್ಪತ್ತು ಬಗೆ ಬೆರೆಸುತ್ತಾರೆ: ಕಾಡುಸೊಪ್ಪುಗಳು, ತುರಿಕೆ ಗಿಡದ ಎಳೆ ಚಿಗುರು, ಹುಳಿ ಸೊರೆಲ್, ಜೊತೆಗೆ ಪಾಲಕ್, ಬೀಟ್‌ರೂಟ್ ಸೊಪ್ಪು, ಕೊತ್ತಂಬರಿ, ಸಬ್ಬಸಿಗೆ, ಈರುಳ್ಳಿ ಸೊಪ್ಪು. ನಮ್ಮ ಕೋಲಾರ, ಮಂಡ್ಯ ಕಡೆಯ ಬೆರಕೆ ಸೊಪ್ಪಿನ ಲೆಕ್ಕಾಚಾರವೇ ಇದು – ಒಂದರ ರುಚಿ ಇನ್ನೊಂದನ್ನು ಮೀರಬಾರದು. ನಮಗೆ ಹಿಡಿಸಿದ ಪ್ರಮಾಣ: ಸಪ್ಪೆ ಸೊಪ್ಪು ಆರು ಪಾಲು, ಘಮದ ಸೊಪ್ಪು ಮೂರು ಪಾಲು, ಹುಳಿಯದು ಒಂದು ಪಾಲು. ಸೊರೆಲ್ ಸಿಗದ ಕಡೆ ಎಳೆ ಪುಂಡಿ ಸೊಪ್ಪು ನಡೆಯುತ್ತದೆ, ಆದರೆ ಅದರ ಹುಳಿ ಜೋರು, ಅರ್ಧ ಪಾಲು ಸಾಕು. ಬಸಳೆ ಬೇಡ, ಲೋಳೆ ಬಿಡುತ್ತದೆ.

ಸೋಸಿ, ತೊಳೆದು, ಬಟ್ಟೆಯ ಮೇಲೆ ಹರಡಿ ಒಂದೆರಡು ಗಂಟೆ ಆರಬೇಕು. ಮಿಕ್ಸಿ ಮುಟ್ಟಬಾರದು, ಎಲೆ ಜಜ್ಜಿ ರಸ ಬಿಡುತ್ತದೆ. ಹರಿತವಾದ ಚಾಕುವಿನಲ್ಲಿ ಸಣ್ಣಗೆ ಹೆಚ್ಚಿ, ಮೊದಲು ಎಣ್ಣೆ ಕಲೆಸಿ – 800 ಗ್ರಾಂ ಸೊಪ್ಪಿಗೆ ಮೂರು ದೊಡ್ಡ ಚಮಚ – ಆಮೇಲೆ ಒಂದು ಟೀ ಚಮಚ ಕೆಂಪು ಮೆಣಸಿನ ಪುಡಿ. ಉಪ್ಪು ಮಾತ್ರ ಕಡೆಗೆ, ಒಂದೊಂದು ರೊಟ್ಟಿಗೆ ಬೇಕಾದ 100 ಗ್ರಾಂ ಸೊಪ್ಪಿಗೆ ಬೇರೆಬೇರೆಯಾಗಿ, ತುಂಬುವ ಗಳಿಗೆಯಲ್ಲಿ. ಇಡೀ ಪಾತ್ರೆಗೆ ಉಪ್ಪು ಹಾಕಿಟ್ಟರೆ ಕಾಲು ಗಂಟೆಯಲ್ಲಿ ತಳದಲ್ಲಿ ಹಸಿರು ನೀರು ನಿಲ್ಲುತ್ತದೆ. ಆಮೇಲೆ ಕಣಕ ನೆನೆದು ಹೊಲಿಗೆ ಬಿಚ್ಚಿಕೊಳ್ಳುತ್ತದೆ. ನೂರು ಗ್ರಾಂ ಹಸಿ ಸೊಪ್ಪು ನೋಡುವಾಗ ಅತಿಯಾಯಿತು ಅನ್ನಿಸುತ್ತದೆ. ಒಳಗೆ ತನ್ನ ಹಬೆಯಲ್ಲೇ ಬೆಂದು ಕುಗ್ಗಿದ ಮೇಲೆ ಸರಿಹೋಗುತ್ತದೆ.

ಈಗ ಬೇಯಿಸುವ ಮೈ. ಸಾಜ್‌ಗೆ ಸಮ ಯಾವುದೂ ಇಲ್ಲ. ಅದು ತೆಳು ಕಬ್ಬಿಣ, ಬೇಗ ಕಾಯುತ್ತದೆ, ಉರಿ ತಗ್ಗಿಸಿದರೆ ಬೇಗ ಇಳಿಯುತ್ತದೆ; ಬೆಂಕಿ ಕೈಯಲ್ಲೇ ಇರುತ್ತದೆ. ಉಬ್ಬಿನಿಂದ ಆಗುವ ಉಪಕಾರ ಇನ್ನೂ ದೊಡ್ಡದು. ಹೊಲಿಗೆಯಿಂದ ರಸ ಸೋರಿದರೂ ಇಳಿಜಾರಿನಲ್ಲಿ ಹರಿದು ಹೋಗುತ್ತದೆ, ರೊಟ್ಟಿಯ ಕೆಳಗೆ ನಿಂತು ಕುದಿಯುವುದಿಲ್ಲ. ಹೊಲಿಗೆ ಬದಿ ಮೂರು ನಿಮಿಷ, ಇನ್ನೊಂದು ಬದಿ ಎರಡು. ಮೈಮೇಲೆ ಕಂದು ಚುಕ್ಕಿ, ಒಳಗಿನ ಸೊಪ್ಪು ಇನ್ನೂ ಹಸಿರು, ಕಡಿದರೆ ಕಣಕ ಮೆತ್ತಗೆ.

ಕವುಚಿದ ಕಬ್ಬಿಣದ ಬಾಣಲೆ ಎರಡನೆಯದು, ಮನೆಯಲ್ಲಿ ಮಾಡುವವರಿಗೆ ನಾವು ಹೇಳುವುದೂ ಇದನ್ನೇ. ಬೆಳಗಾವಿಯ ಮಂಡಿಗೆ ಮಾಡುವುದನ್ನು ಕಂಡವರಿಗೆ ಈ ಉಪಾಯ ಹೊಸದಲ್ಲ. 30 ಸೆಂಟಿಮೀಟರಿಗಿಂತ ಚಿಕ್ಕದಾದರೆ ಬಾಗು ಹೆಚ್ಚಾಗಿ ರೊಟ್ಟಿ ಜಾರುತ್ತದೆ, ತುದಿಗಳು ಬೇಯದೆ ನೇತಾಡುತ್ತವೆ. ನೆತ್ತಿ ಬೇಗ ಸೀಯುವುದರಿಂದ ನಿಮಿಷಕ್ಕೊಮ್ಮೆ ರೊಟ್ಟಿಯನ್ನು ಕಾಲುಸುತ್ತು ತಿರುಗಿಸಬೇಕು. ಹಿಡಿಗಳಿದ್ದರೆ ಬಾಣಲೆ ಒಲೆಯ ಮೇಲೆ ಅಲುಗಾಡದಂತೆ ಕೂತಿದೆಯೇ ಎಂದು ತಣ್ಣಗಿರುವಾಗಲೇ ನೋಡಿಕೊಳ್ಳಿ.

ಎರಕದ ಕಬ್ಬಿಣದ ಕಾವಲಿ, ಮನೆಮನೆಯಲ್ಲಿ ದೋಸೆ ಹುಯ್ಯುವಂಥದ್ದು, ಎರಡು ತಪ್ಪು ತಿದ್ದಿಕೊಂಡರೆ ಒಳ್ಳೆಯ ರೊಟ್ಟಿಯನ್ನೇ ಕೊಡುತ್ತದೆ. ಒಂದು, ಹೊಲಿಗೆಯ ದಪ್ಪ ಗೆರೆ ರೊಟ್ಟಿಯನ್ನು ಎತ್ತಿ ಹಿಡಿದು ಅಕ್ಕಪಕ್ಕ ಹಸಿಯಾಗಿ ಉಳಿಯುತ್ತದೆ. ಕಾವಲಿಗೆ ಹಾಕುವ ಮೊದಲು ಹೊಲಿಗೆಯ ಮೇಲೆ ಲಟ್ಟಣಿಗೆಯನ್ನು ಹಗುರವಾಗಿ ಒಮ್ಮೆ ಆಡಿಸಬೇಕು, ಬೇಯುವಾಗ ಮಡಿಚಿದ ಬಟ್ಟೆಯಿಂದ ಎರಡು ಬದಿ ಒತ್ತಬೇಕು. ಇನ್ನೊಂದು, ದಪ್ಪ ಎರಕ ಕಾದ ಮೇಲೆ ಇಳಿಯುವುದೇ ಇಲ್ಲ. ಮೂರನೆಯ ರೊಟ್ಟಿಯ ಹೊತ್ತಿಗೆ ಹೊರಗೆ ಸೀದು ಒಳಗೆ ಹಸಿ ವಾಸನೆ. ಎರಡಾದ ಮೇಲೆ ಉರಿ ಸಣ್ಣ ಮಾಡಿ. ಸೋರಿದ ರಸ ಕಪ್ಪಗೆ ಅಂಟಿದ್ದರೆ ಒಣಬಟ್ಟೆಯಲ್ಲಿ ಒರೆಸದೆ ಮುಂದಿನದನ್ನು ಹಾಕಬೇಡಿ, ಅದೇ ಕಹಿ ಮುಂದಿನದಕ್ಕೂ ಹತ್ತುತ್ತದೆ. ಬದಿಗೆ ನಾಲ್ಕು ನಿಮಿಷ ಬೇಕಾಯಿತು.

ನಾನ್‌ಸ್ಟಿಕ್ ಬೇಡ. ಖಾಲಿ ತವಾವನ್ನು ಜೋರಾಗಿ ಕಾಯಿಸಿದರೆ ಲೇಪ ಹಾಳಾಗುತ್ತದೆ, ಸಣ್ಣ ಉರಿಯಲ್ಲಿಟ್ಟರೆ ಚುಕ್ಕಿ ಬೀಳುವಷ್ಟರಲ್ಲಿ ಕಣಕ ಒಣಗಿ ಚರ್ಮದಂತಾಗುತ್ತದೆ. ಮುಚ್ಚಳ ಹಾಕಿ ಬೇಗ ಬೇಯಿಸೋಣ ಎಂದರೆ ಮೇಲ್ಮೈ ಬೆವರಿ ಅಂಟಂಟಾಗುತ್ತದೆ.

ಅಝರ್‌ಬೈಜಾನಿನ ಕುತಾಬ್ ಎಂಬ ಹೂರಣದ ರೊಟ್ಟಿಯೊಂದಿಗೆ ಇದನ್ನು ಬೆರೆಸಿ ಹೇಳುವವರಿದ್ದಾರೆ. ಸೊಪ್ಪಿನ ಕುತಾಬ್ ಅರ್ಧಚಂದ್ರ, ಒಂದೇ ಮಡಿಕೆ, ಬೆಂದ ಮೇಲೆ ಬೆಣ್ಣೆ ಸವರುತ್ತಾರೆ. ಝಿಂಗ್ಯಾಲೊವ್‌ಗೆ ಬೆಣ್ಣೆ ಸೋಕಿಸುವಂತಿಲ್ಲ. ಹಾಲು, ಮಾಂಸ ಏನೂ ಇಲ್ಲದ್ದರಿಂದಲೇ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಇದಕ್ಕೆ ಬೇಡಿಕೆ. ಆದರೂ ಒಂದು ಮಾತು: ಮನೆಯಲ್ಲಿ ಚಪ್ಪಟೆ ಕಾವಲಿಯೇ ಇದ್ದು ಚಿವುಟುವ ಕೈ ಇನ್ನೂ ಕೂರದಿದ್ದರೆ, ಮೊದಲೆರಡು ಸಲ ಅರ್ಧಚಂದ್ರ ಮಡಿಸಿಯೇ ಮಾಡಿ. ನಡುವೆ ಹೊಲಿಗೆ ಇಲ್ಲದ್ದರಿಂದ ಕಾವಲಿಗೆ ಸಮನಾಗಿ ಕೂರುತ್ತದೆ. ಸೊಪ್ಪು ಮಾತ್ರ 60 ಗ್ರಾಂಗಿಂತ ಹೆಚ್ಚು ಹಿಡಿಯುವುದಿಲ್ಲ.

ಇಳಿಸಿದವನ್ನು ಒಂದರ ಮೇಲೊಂದು ಪೇರಿಸಿ ಬಟ್ಟೆ ಮುಚ್ಚಿದರೆ ಐದು ನಿಮಿಷದಲ್ಲಿ ಅಂಚು ಮೆತ್ತಗಾಗುತ್ತದೆ. ಅಲ್ಲಿ ಇದರ ಜೊತೆ ಕುಡಿಯುವುದು ತಾನ್, ಅಂದರೆ ಉಪ್ಪು ಹಾಕಿದ ಮಜ್ಜಿಗೆ. ಮರುದಿನಕ್ಕೆ ಉಳಿದರೆ ಒಣ ಕಾವಲಿಯ ಮೇಲೆ ಬದಿಗೆ ಒಂದು ನಿಮಿಷ ಬಿಸಿ ಮಾಡಿ. ಮೈಕ್ರೊವೇವ್‌ನಲ್ಲಿಟ್ಟರೆ ಸೊಪ್ಪಿನ ನೀರೆಲ್ಲ ಕಣಕಕ್ಕೆ ಇಳಿಯುತ್ತದೆ.