ಎಸ್‌ಜಿಡಿ ದತ್ತಸಂಚಯ: ಯೀಸ್ಟಿನ ಸೋಡಿಯಂ ಪಂಪಿನ ಪುಟವನ್ನು ಓದಿದ ಮೇಲೆ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ನಡೆಯುವ ಸ್ಯಾಕರೋಮೈಸಿಸ್ ಜೀನೋಮ್ ಡೇಟಾಬೇಸ್, ಅಂದರೆ ಎಸ್‌ಜಿಡಿ, ಯೀಸ್ಟಿನ ಸುಮಾರು ಆರು ಸಾವಿರ ವಂಶವಾಹಿಗಳ ಮಾಹಿತಿಯನ್ನು ಯಾವ ಶುಲ್ಕವೂ ಇಲ್ಲದೆ ಒದಗಿಸುವ ಸೇವೆ. ಇಂಥ ಸೇವೆಯ ಗುಣ ತಿಳಿಯಬೇಕಾದರೆ ಒಂದೇ ವಂಶವಾಹಿಯನ್ನು ಹಿಡಿದು ಕೊನೆಯವರೆಗೂ ಓದಬೇಕು ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಈ ವಿಮರ್ಶೆಗೆ ಇಎನ್‌ಎ1 ವಂಶವಾಹಿಯ ಪುಟವನ್ನು ಆರಿಸಿಕೊಂಡಿದ್ದೇನೆ.

ಯೀಸ್ಟ್ ಕೋಶವು ತನ್ನೊಳಗೆ ಪೊಟ್ಯಾಸಿಯಂ ಹೆಚ್ಚಾಗಿಯೂ ಸೋಡಿಯಂ ಕಡಿಮೆಯಾಗಿಯೂ ಇರುವಂತೆ ನೋಡಿಕೊಳ್ಳುತ್ತದೆ. ಹೊರಗೆ ಉಪ್ಪು ಏರಿದಾಗ ಒಳನುಗ್ಗುವ ಸೋಡಿಯಂ ಅನ್ನು ಕೋಶದ ಶಕ್ತಿವಾಹಕ ಅಣುವಾದ ಎಟಿಪಿಯ ಶಕ್ತಿ ಬಳಸಿ ಹೊರಹಾಕುವ, ಕೋಶಪೊರೆಯಲ್ಲಿರುವ 1091 ಅಮೈನೊ ಆಮ್ಲಗಳ ಪಂಪನ್ನು ಇಎನ್‌ಎ1 ರೂಪಿಸುತ್ತದೆ. ಪುಟದ ಮೊದಲ ಸಾರಾಂಶ ಇಷ್ಟನ್ನು ಚೊಕ್ಕವಾಗಿ ಹೇಳುತ್ತದೆ. ಜೊತೆಗಿರುವ ವೈಡಿಆರ್040ಸಿ ಎಂಬ ಕ್ರಮಬದ್ಧ ಹೆಸರಿನಿಂದ ಅದು ನಾಲ್ಕನೆಯ ವರ್ಣತಂತುವಿನ ಬಲತೋಳಿನಲ್ಲಿದೆ ಎಂಬುದೂ ತಿಳಿಯುತ್ತದೆ.

ಈ ಸೇವೆಯ ನಿಜವಾದ ಬೆಲೆ ಇರುವುದು ಫಿನೋಟೈಪ್, ಅಂದರೆ ಕೋಶದಲ್ಲಿ ಹೊರಗೆ ಕಾಣುವ ಲಕ್ಷಣಗಳ ವಿಭಾಗದಲ್ಲಿ. ವಂಶವಾಹಿಯನ್ನು ತೆಗೆದುಹಾಕಿದ್ದರೋ ಅಥವಾ ಅತಿಯಾಗಿ ಅಭಿವ್ಯಕ್ತಿಗೊಳಿಸಿದ್ದರೋ, ಯಾವ ತಳಿಯಲ್ಲಿ, ಯಾವ ರಾಸಾಯನಿಕದೊಡನೆ, ಯಾವ ಪ್ರಬಂಧದ ಆಧಾರದ ಮೇಲೆ ಎಂಬುದನ್ನು ಪ್ರಬಂಧಗಳನ್ನು ಓದಿದ ತಜ್ಞರೇ ಸಾಲುಸಾಲಾಗಿ ದಾಖಲಿಸಿದ್ದಾರೆ. ಇಲ್ಲಿ ಸೋಡಿಯಂ ಕ್ಲೋರೈಡಿನೊಂದಿಗೆ ಲಿಥಿಯಂ ಕ್ಲೋರೈಡ್ ಕೂಡ ಕಾಣಿಸುವುದಕ್ಕೆ ಕಾರಣವಿದೆ: ಒಂದು ಮೋಲಾರ್ ಸೋಡಿಯಂ ಕ್ಲೋರೈಡ್ ಎಂದರೆ ಲೀಟರಿಗೆ 58 ಗ್ರಾಂ ಉಪ್ಪು, ಅಷ್ಟಕ್ಕೆ ಕೋಶದಿಂದ ನೀರನ್ನು ಹೊರಗೆಳೆಯುವ ಪರಾಸರಣ ಒತ್ತಡವೂ ಕೋಶವನ್ನು ಬಾಧಿಸುತ್ತದೆ; ಅದೇ ಪಂಪಿನಿಂದ ಹೊರಹೋಗುವ ಲಿಥಿಯಂ ತೀರ ಕಡಿಮೆ ಪ್ರಮಾಣದಲ್ಲೇ ವಿಷವಾಗುವುದರಿಂದ ಅಯಾನಿನ ಪರಿಣಾಮವನ್ನಷ್ಟೇ ಬೇರ್ಪಡಿಸಿ ನೋಡಬಹುದು. ಅಗರ್ ತಟ್ಟೆಯ ಮೇಲೆ ಕೋಶಗಳನ್ನು ಚುಕ್ಕೆಗಳಾಗಿ ಇಟ್ಟು ಬೆಳವಣಿಗೆ ನೋಡುವ ಚುಕ್ಕೆ ಪರೀಕ್ಷೆ ಮಾಡಲು ಹೊರಟ ವಿದ್ಯಾರ್ಥಿಗೆ ಈ ಸಾಲುಗಳು ಪ್ರಯೋಗದ ರೂಪರೇಖೆಯನ್ನೇ ಕೊಡುತ್ತವೆ.

ನನ್ನ ಮುಖ್ಯ ಆಕ್ಷೇಪ ತಳಿಗಳ ವಿಷಯದಲ್ಲಿ. 1996ರಲ್ಲಿ ಪೂರ್ಣಗೊಂಡ ಆಧಾರ ಜೀನೋಮಿನ ತಳಿಯಾದ ಎಸ್288ಸಿಯಲ್ಲಿ ಇಎನ್‌ಎ1, ಇಎನ್‌ಎ2 ಮತ್ತು ಇಎನ್‌ಎ5 ಎಂಬ ಬಹುತೇಕ ಒಂದೇ ರೀತಿಯ ವಂಶವಾಹಿಗಳು ಅಕ್ಕಪಕ್ಕದಲ್ಲೇ ಇವೆ. ಬೇರೆ ತಳಿಗಳಲ್ಲಿ ಈ ಪ್ರತಿಗಳ ಸಂಖ್ಯೆ ಬದಲಾಗುತ್ತದೆ. ಪ್ರಯೋಗಾಲಯಗಳಲ್ಲಿ ಬಹಳ ಬಳಕೆಯಲ್ಲಿರುವ ಸಿಇಎನ್‌.ಪಿಕೆ ತಳಿಯಲ್ಲಂತೂ ಈ ಸಾಲಿನ ಜಾಗದಲ್ಲಿ ಇಎನ್‌ಎ6 ಎಂಬ ಒಂದೇ ವಂಶವಾಹಿ ಇದ್ದು, ಆ ತಳಿ ಸೋಡಿಯಂ ಮತ್ತು ಲಿಥಿಯಂಗಳಿಗೆ ಹೆಚ್ಚು ಸೂಕ್ಷ್ಮವಾಗಿದೆ. ಹೀಗಿರುವಾಗ ಇಎನ್‌ಎ1 ಒಂದನ್ನೇ ಅಳಿಸುವುದಕ್ಕೂ ಇಡೀ ಸಾಲನ್ನು ಅಳಿಸುವುದಕ್ಕೂ ಬಹಳ ಅಂತರವಿದೆ. ಇತರ ತಳಿಗಳ ಅನುಕ್ರಮಗಳು ಸೀಕ್ವೆನ್ಸ್ ವಿಭಾಗದಲ್ಲಿ ಸಿಗುತ್ತವೆಯಾದರೂ, ಪ್ರತಿಗಳ ವ್ಯತ್ಯಾಸ ಫಲಿತಾಂಶವನ್ನೇ ಬದಲಿಸಬಲ್ಲದು ಎಂಬ ಎಚ್ಚರಿಕೆ ಪ್ರತಿ ಓದುಗನ ಕಣ್ಣಿಗೆ ಮೊದಲೇ ಬೀಳುವಷ್ಟು ಎದ್ದು ಕಾಣಬೇಕು.

ನಿಯಂತ್ರಣದ ವಿಭಾಗವೂ ಸಮೃದ್ಧವಾಗಿದೆ. ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಚುರುಕುಗೊಳಿಸುವ ಸಿಆರ್‌ಝಡ್1, ಹಾಗ್1 ಕೈನೇಸ್ ಎಂಬ ಇನ್ನೊಂದು ಕಿಣ್ವದ ಅಧೀನದಲ್ಲಿರುವ ಎಸ್‌ಕೆಒ1, ಗ್ಲೂಕೋಸ್ ಇದ್ದಾಗ ತಡೆಯೊಡ್ಡುವ ಎಂಐಜಿ1 ಎಂಬ ನಿಯಂತ್ರಕ ಪ್ರೋಟೀನುಗಳೆಲ್ಲ ಇದೇ ಪಂಪಿನ ಮೇಲೆ ಹಿಡಿತವಿಟ್ಟುಕೊಂಡಿವೆ. ಆದ್ದರಿಂದಲೇ ಉಪ್ಪಿಗಷ್ಟೇ ಅಲ್ಲದೆ ಕ್ಷಾರೀಯ ಪರಿಸರಕ್ಕೂ ಇಎನ್‌ಎ1 ಸ್ಪಂದಿಸುತ್ತದೆ. ಆದರೆ ಡಿಎನ್‌ಎಗೆ ಪ್ರೋಟೀನು ಅಂಟುವುದನ್ನು ಕಂಡ ಪ್ರಯೋಗಗಳೂ ಅಭಿವ್ಯಕ್ತಿಯ ಏರಿಳಿತವನ್ನಷ್ಟೇ ಅಳೆದ ಪ್ರಯೋಗಗಳೂ ಒಂದೇ ಪಟ್ಟಿಯಲ್ಲಿ ಸೇರಿಕೊಂಡಿರುವುದರಿಂದ, ಪುರಾವೆಯ ಅಂಕಣವನ್ನು ಬಿಟ್ಟು ಓದುವವರು ಸುಲಭವಾಗಿ ದಾರಿ ತಪ್ಪುತ್ತಾರೆ.

ಪೊಟ್ಯಾಸಿಯಂ ಒಳತರುವ ಟಿಆರ್‌ಕೆ1, ಪ್ರೋಟಾನಿಗೆ ಬದಲಾಗಿ ಸೋಡಿಯಂ ಹೊರಬಿಡುವ ಎನ್‌ಎಚ್‌ಎ1, ಸೋಡಿಯಂ ಮತ್ತು ಲಿಥಿಯಂಗಳಿಂದ ಕುಂಠಿತಗೊಳ್ಳುವ ಕಿಣ್ವದ ಎಚ್‌ಎಎಲ್2 ಮುಂತಾದವುಗಳಿಗೂ ಇದೇ ಮಾದರಿಯ ಪುಟಗಳಿದ್ದು, ಅಯಾನು ಸಮತೋಲನದ ಇಡೀ ವ್ಯವಸ್ಥೆಯನ್ನು ಒಂದೇ ಕಡೆ ಕುಳಿತು ಓದಬಹುದು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ನಾನು ಇದನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಅಳಿಸಿದ ತಳಿಯನ್ನು ಹಣ ಕೊಟ್ಟು ತರಿಸುವ ಮುನ್ನ ಫಿನೋಟೈಪ್ ಸಾಲಿನಲ್ಲಿರುವ ತಳಿಯ ಹೆಸರನ್ನು ತಮ್ಮ ಪ್ರಯೋಗಾಲಯದ ತಳಿಯೊಡನೆ ಹೋಲಿಸಿಕೊಳ್ಳಲಿ.